ಮಾಬಿ ಕಷಾಯ

ನನ್ನ ಗಂಡನಿಗೆ ಗೊತ್ತಿಲ್ಲದ ವಿಷಯವೆಂಬುದು ಈ ಭೂಮಿಯ ಮೇಲೆ ಇಲ್ಲ. ಆಸ್ಪತ್ರೆಯಲ್ಲಿ ಇವರ ಕೆಲಸ ಎಕ್ಸ್‌ರೇ ತೆಗೆಯುವುದು ಮಾತ್ರ. ಆದರೆ ಕಾರಿನ ಇಂಜಿನ್ ಇರಲಿ, ಮಗುವಿನ ಹೊಟ್ಟೆನೋವಿರಲಿ, ದೋಸೆ ಹಿಟ್ಟು ಹುಳಿ ಬಾರದ್ದಿರಲಿ, ಎಲ್ಲದಕ್ಕೂ ಇವರ ಬಳಿ ಒಂದು ಮಾತು ತಯಾರಿರುತ್ತಿತ್ತು. ಎಂಬತ್ತರ ದಶಕದಲ್ಲಿ ನಾವು ಸೌದಿಯ ಅಭಾದಲ್ಲಿದ್ದಾಗ ನಡೆದ ಈ ಪ್ರಸಂಗವನ್ನು ಇವರೆದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ನಡುವೆ ಬಾಯಿ ಹಾಕಿ ತಿದ್ದುತ್ತಾರೆ. ಬರೆಯುವುದರಲ್ಲಿ ಆ ಉಪದ್ರವ ಇಲ್ಲ.

ಸೌದಿ ಅಂದರೆ ಮರಳು, ಸೆಕೆ ಎಂದುಕೊಂಡು ನಾನು ಉಡುಪಿಯಿಂದ ಬರೇ ವಾಯಿಲ್ ಸೀರೆಗಳನ್ನು ತುಂಬಿಕೊಂಡು ಹೋಗಿದ್ದೆ. ಅಭಾ ಬೆಟ್ಟದ ಮೇಲಿನ ಊರು. ಇಳಿದ ದಿನ ಮಂಜು ಕವಿದು ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ. ಕೈಗೂಸು ಮಗಳನ್ನು ಎತ್ತಿಕೊಂಡು, ಚಳಿಗೆ ನಡುಗುತ್ತಾ ಆಸ್ಪತ್ರೆಯ ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವಾಗ ಎದುರು ಮನೆಯ ಬಾಗಿಲು ತೆರೆಯಿತು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಒಬ್ಬ ಕಪ್ಪು ಹೆಂಗಸು ಹೊರಬಂದು, ಏನೂ ಕೇಳದೆ ತಮ್ಮ ಉಣ್ಣೆಯ ಶಾಲನ್ನು ನನ್ನ ಹೆಗಲಿಗೆ ಹೊದೆಸಿ, "ಒಳಗೆ ಹೋಗು ಡಾರ್ಲಿಂಗ್" ಎಂದರು. ಮದುವೆಯಾಗಿ ಎರಡು ವರ್ಷವಾಗಿತ್ತು, ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕರೆಯಬೇಕಾದವರು ಪಕ್ಕದಲ್ಲೇ ಪೆಟ್ಟಿಗೆ ಹೊತ್ತು ನಿಂತಿದ್ದರು.

ಅವರು ಹೆರಿಗೆ ವಾರ್ಡಿನ ಹಿರಿಯ ನರ್ಸ್. ಎಲ್ಲರೂ ಕರೆಯುವಂತೆ ನಾನೂ ಸಿಸ್ಟರ್ ಎಂದೇ ಕರೆದೆ. ಊರು ಬಾರ್ಬಡೋಸ್ ಎಂದು ಗೊತ್ತಾದ ಕೂಡಲೇ ಇವರು ವೆಸ್ಟ್ ಇಂಡೀಸಿನ ಬೌಲರುಗಳ ಹೆಸರನ್ನೆಲ್ಲ ಒಪ್ಪಿಸಿದರು. ಸಿಸ್ಟರ್ ತಾಳ್ಮೆಯಿಂದ ಕೇಳಿ, "ನಮ್ಮ ಊರಿನ ಕ್ರಿಕೆಟ್ ಮೈದಾನದ ಗೇಟಿನ ಹೊರಗೆ ನಮ್ಮಮ್ಮ ಮಾಬಿ ಮಾರುತ್ತಿದ್ದಳು. ಒಳಗೆ ಯಾರು ಆಡುತ್ತಿದ್ದರೋ ನನಗೆ ಗೊತ್ತಿಲ್ಲ" ಎಂದರು. ನಮ್ಮ ನಡುವಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಮ್ಮಿನ ನನ್ನ ಇಂಗ್ಲಿಷು ತಡವರಿಸುತ್ತಿತ್ತು, ಅವರದ್ದು ಓಡುತ್ತಿತ್ತು. ಆದರೂ ಹೆಂಗಸರಿಗೆ ಒಬ್ಬರಿಗೊಬ್ಬರು ಅರ್ಥವಾಗಲು ಎಷ್ಟು ಬೇಕೋ ಅಷ್ಟಿತ್ತು.

ಮಾಬಿ ಅಂದರೆ ಏನೆಂದು ಆಮೇಲೆ ಕೇಳಿ ತಿಳಿದುಕೊಂಡೆ. ಅವರ ಕಡೆಯ ಒಂದು ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಚಕ್ಕೆ, ಲವಂಗ, ಚಕ್ರಮೊಗ್ಗು, ಕಿತ್ತಳೆ ಸಿಪ್ಪೆಗಳ ಜೊತೆ ಸ್ವಲ್ಪ ಕುದಿಸಿ, ಸೋಸಿ, ಧಾರಾಳ ನೀರು, ಸಕ್ಕರೆ ಬೆರೆಸಿ ತಣ್ಣಗೆ ಕುಡಿಯುವ ಪಾನೀಯ. ಅವರಮ್ಮ, ನಲ್ಲಿ ಜೋಡಿಸಿದ ತಗಡಿನ ದೊಡ್ಡ ಡಬ್ಬವನ್ನು ತಲೆಯ ಮೇಲೆ ಹೊತ್ತು ಬೀದಿ ಸುತ್ತುತ್ತಿದ್ದರಂತೆ. ಗಿರಾಕಿ ಬಂದರೆ ಡಬ್ಬ ಇಳಿಸುವುದಿಲ್ಲ. ಒಂದು ಕೈಯಲ್ಲಿ ತಲೆಯ ಮೇಲಿನ ನಲ್ಲಿ ತಿರುಗಿಸಿ, ಇನ್ನೊಂದು ಕೈಯಲ್ಲಿ ಕೆಳಗೆ ಮಗ್ ಹಿಡಿದರೆ ನೊರೆ ಎದ್ದ ಮಾಬಿ ಸರಿಯಾಗಿ ಅದರೊಳಗೇ ಬೀಳಬೇಕು. ಆ ದುಡಿಮೆಯಲ್ಲೇ ಮಗಳನ್ನು ನರ್ಸಿಂಗ್ ಓದಿಸಿದವರು ಅವರು.

ನನಗೆ ಇದನ್ನು ನಂಬಲು ಕಷ್ಟವಾಯಿತು. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಸಲು ಮಕ್ಕಳನ್ನು ಅಟ್ಟದಿಂದ, ಹಟ್ಟಿಯಿಂದ ಹುಡುಕಿ ಎಳೆದು ತರುತ್ತಿದ್ದರು. ಕುಡಿದ ಮೇಲೆ ಬಾಯಿಗೆ ಬೆಲ್ಲದ ಚೂರು, ಕುಡಿಯದಿದ್ದರೆ ಬೆನ್ನಿಗೊಂದು. ಮರದ ಕೆತ್ತೆಯ ನೀರನ್ನು ಜನ ಕಾಸು ಕೊಟ್ಟು, ಸಾಲು ನಿಂತು ಕುಡಿಯುತ್ತಾರೆ ಅಂದರೆ ಆ ಊರಿನವರ ನಾಲಗೆ ಎಂಥದ್ದಿರಬೇಕು ಎಂದು ಯೋಚಿಸಿದ್ದೆ.

ಸಿಸ್ಟರರ ಅಡುಗೆಮನೆಯಲ್ಲಿ ಹಾಲುಪುಡಿಯ ಡಬ್ಬದಲ್ಲಿ ಅಂಥ ಕೆತ್ತೆ ಇತ್ತು. ಅದನ್ನು ಅವರು ಮುಟ್ಟುತ್ತಿರಲಿಲ್ಲ. ಅಮ್ಮ ಕಳಿಸಿದ ಕೊನೆಯ ಪಾರ್ಸೆಲ್ ಅದು. ಅದು ಕೈಸೇರಿದ ಕೆಲವು ವಾರಗಳಲ್ಲಿ ಅಮ್ಮ ತೀರಿಕೊಂಡರು. ರಜೆ, ಪಾಸ್‌ಪೋರ್ಟು, ಹೊರಹೋಗುವ ವೀಸಾ ಎಂದು ಓಡಾಡುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಆಗಿತ್ತು. ಅಮ್ಮ ತನ್ನ ಕೈಯಿಂದಲೇ ಮುರಿದು, ಒಣಗಿಸಿ, ಕಟ್ಟಿದ ಕೆತ್ತೆ. ವರ್ಷ ತುಂಬುವ ದಿನ ಅದನ್ನು ಮಾಬಿ ಮಾಡಿ, ಆಸ್ಪತ್ರೆಯಲ್ಲಿದ್ದ ತಮ್ಮ ಕಡೆಯ ಇಬ್ಬರು ನರ್ಸುಗಳಿಗೂ ನಮಗೂ ಕೊಡುವುದೆಂದು ಅವರು ನಿಶ್ಚಯಿಸಿದ್ದರು. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಯಲ್ಲಿ ಬಡಿಸಿಡುವ ಊರಿನಿಂದ ಬಂದವಳು ನಾನು. ಇದನ್ನು ನನಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ವರ್ಷ ತುಂಬುವ ಆ ದಿನ ಶುಕ್ರವಾರ ಬಂತು, ಅಲ್ಲಿ ವಾರದ ರಜೆ. ಹಿಂದಿನ ದಿನವೇ ಸಂತೆಗೆ ಹೋಗಿ ಯೆಮೆನಿ ಮುದುಕನ ಅಂಗಡಿಯಿಂದ ಚಕ್ಕೆ, ಲವಂಗ ತಂದಿದ್ದೆವು. ಜಾಯಿಕಾಯಿ ಕೇಳಿದ್ದಕ್ಕೆ ಮುದುಕ ಇಲ್ಲವೆಂದು ತಲೆ ಅಲ್ಲಾಡಿಸಿದ, ಅಮಲಿನ ವಸ್ತುವೆಂದು ಅಲ್ಲಿ ಅದನ್ನು ಮಾರುವಂತಿಲ್ಲ. ಮಾಬಿಯನ್ನು ಊರಿನಲ್ಲಾದರೆ ಎರಡು ದಿನ ಇಟ್ಟು ನೊರೆ ಬರಿಸುತ್ತಾರಂತೆ. ಮದ್ಯಕ್ಕೆ ನಿಷೇಧವಿರುವ ಇಲ್ಲಿ ಬಾಟಲಿಯಲ್ಲಿ ಏನೇ ನೊರೆ ಬಂದರೂ ನೂರು ಪ್ರಶ್ನೆ, ಅದಕ್ಕೆ ಅದೇ ದಿನ ಮಾಡಿ ಕುಡಿಯುವುದೆಂದು ಸಿಸ್ಟರ್ ಹೇಳಿದ್ದರು. ಆದರೆ ಬೆಳಿಗ್ಗೆಯೇ ಅವರ ಡ್ಯೂಟಿ ಬದಲಾಯಿತು. ಡಬ್ಬ, ಮಸಾಲೆ ಎರಡನ್ನೂ ನನ್ನ ಕೈಯಲ್ಲಿಟ್ಟು, "ದೊಡ್ಡ ಪಾತ್ರೆ ತುಂಬ ನೀರು ಹಾಕು. ಚಹಾದ ಬಣ್ಣ ಬಂದ ಕೂಡಲೇ ಇಳಿಸಿ ಮುಚ್ಚಿಡು. ಮಿಕ್ಕದ್ದು ನಾನು ಬಂದು ಮಾಡುತ್ತೇನೆ" ಎಂದು ಹೋದರು.

ದೊಡ್ಡ ಪಾತ್ರೆ ತುಂಬ ನೀರಿಗೆ ಡಬ್ಬದ ಕೆತ್ತೆಯನ್ನೆಲ್ಲ, ಮಸಾಲೆಯನ್ನೂ ಹಾಕಿ, ಒಲೆ ಹಚ್ಚಿ ಇಟ್ಟೆ. ಅಷ್ಟರಲ್ಲಿ ಮಗು ಎದ್ದಳು. ಶುಕ್ರವಾರ ಅವಳಿಗೆ ಎಣ್ಣೆ ಹಚ್ಚಿ ಮೀಯಿಸುವ ದಿನ. ಇವರು ರಜೆಯಲ್ಲಿ ಕಾಲು ಚಾಚಿ ಕೂತಿದ್ದರು.

"ಚಹಾದ ಬಣ್ಣ ಬಂದ ಕೂಡ್ಲೆ ಗ್ಯಾಸ್ ಬಂದ್ ಮಾಡಿ, ಆಯ್ತಾ" ಎಂದು ಹೇಳಿ ಬಚ್ಚಲಿಗೆ ಹೋದೆ.

ಎಣ್ಣೆ ತಿಕ್ಕಿ, ಮೀಯಿಸಿ, ಧೂಪದ ಹೊಗೆ ತೋರಿಸಿ, ಮಗುವನ್ನು ಮಲಗಿಸಿ ಬರುವಾಗ ಮನೆಯೆಲ್ಲ ಕಹಿ ವಾಸನೆ. ಅಡುಗೆಮನೆಯಲ್ಲಿ ಇವರು ಲುಂಗಿ ಮೇಲೆ ಕಟ್ಟಿ, ಬಟ್ಟೆಯಲ್ಲಿ ಕೆತ್ತೆಯನ್ನು ಹಿಂಡುತ್ತಾ ನಿಂತಿದ್ದಾರೆ. ದೊಡ್ಡ ಪಾತ್ರೆಯ ತಳದಲ್ಲಿ ಡಾಂಬರಿನ ಹಾಗೆ ಕಪ್ಪಗೆ ಒಂದಿಷ್ಟು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿದು, ಕಾಳುಮೆಣಸು ಜಜ್ಜಿ ತಯಾರು.

"ಎಂತ ಮಾಡಿದ್ರಿ ನೀವು?"

"ಎಂತ ಅಂದ್ರೆ? ಕೆತ್ತೆ ಅಂದ್ಮೇಲೆ ಎಂಟು ಪಾಲು ನೀರು ಒಂದು ಪಾಲಿಗೆ ಇಳಿಬೇಕು ಮಾರಾಯ್ತಿ. ಚಹಾದ ಬಣ್ಣಕ್ಕೆ ಇಳಿಸಿದ್ರೆ ಅದ್ರಲ್ಲಿ ಎಂತ ಸತ್ವ ಉಂಟು? ನಮ್ಮ ಅಜ್ಜ ಊರಿಗೆಲ್ಲ ಮದ್ದು ಕೊಡ್ತಿದ್ದವರು, ನಂಗೆ ಗೊತ್ತಿಲ್ವಾ?"

"ಅದು ಮದ್ದಲ್ಲ. ಶರಬತ್ತು."

"ಕೆತ್ತೆಯಲ್ಲಿ ಯಾರಾದ್ರೂ ಶರಬತ್ತು ಮಾಡ್ತಾರಾ?"

ಬೆಳ್ಳುಳ್ಳಿ ಬೀಳುವ ಮೊದಲು ಬಂದೆನಲ್ಲ, ಅದೊಂದೇ ಸಮಾಧಾನ. ನಾನು ಆ ದಿನ ಇವರಿಗೆ ಹೇಳಿದ್ದನ್ನೆಲ್ಲ ಬರೆಯುವುದಿಲ್ಲ, ಮಗಳು ಓದುತ್ತಾಳೆ. ಅಜ್ಜನನ್ನೂ ಬಿಡಲಿಲ್ಲ. ಅದು ಯಾರ ಕೆತ್ತೆ, ಯಾವ ದಿನಕ್ಕೆ ಇಟ್ಟದ್ದು ಎಂದು ನಾನು ಹೇಳಿದಾಗಷ್ಟೇ ಇವರ ಮುಖ ಇಳಿಯಿತು. ಮೊದಲೇ ಹೇಳಿದ್ದೆ. ಕೇಳಿಸಿಕೊಂಡಿರಲಿಲ್ಲ. ಹಿಂಡಿದ ಕೆತ್ತೆಯನ್ನು ತೊಳೆದು ಮತ್ತೊಮ್ಮೆ ಕುದಿಸಿ ನೋಡಿದೆ. ಬರೇ ಬಿಸಿನೀರು. ಕಪ್ಪು ಕಷಾಯಕ್ಕೆ ಬೆರಳು ಅದ್ದಿ ನೆಕ್ಕಿದೆ. ಆಟಿಯ ಕಷಾಯವೇ ಇದರ ಮುಂದೆ ಪಾಯಸ.

ಮೂರು ಗಂಟೆಯ ಹೊತ್ತಿಗೆ ಸಿಸ್ಟರ್ ಬಂದರು. ಸುತ್ತಿ ಬಳಸದೆ ನಡೆದದ್ದನ್ನೆಲ್ಲ ಹೇಳಿ ಪಾತ್ರೆಯನ್ನು ಮುಂದಿಟ್ಟೆ. ಯೂನಿಫಾರ್ಮಿನಲ್ಲೇ ಸ್ಟೂಲಿನ ಮೇಲೆ ಕೂತು, ಚಮಚದ ತುದಿಯಲ್ಲಿ ರುಚಿ ನೋಡಿದರು. ಕಣ್ಣು ಮುಚ್ಚಿದರು. ನನಗೆ ಅಳು ಬರುವ ಹಾಗಾಯಿತು. ಇವರು ಬಾಗಿಲ ಬಳಿ, ಎಕ್ಸ್‌ರೇ ತಪ್ಪಾಗಿ ತೆಗೆದಾಗಲೂ ಇಷ್ಟು ಹೆದರಿರಲಿಕ್ಕಿಲ್ಲ, ಹಾಗೆ ನಿಂತಿದ್ದರು.

"ಯಾಕೆ ಇಷ್ಟು ಕುದಿಸಿದೆ?" ಎಂದು ಸಿಸ್ಟರ್ ಇವರನ್ನು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ಮಲ್ಲಿ ಹಾಗೆಯೇ ಸಿಸ್ಟರ್. ಕೆತ್ತೆಯಲ್ಲಿರುವುದೆಲ್ಲ ನೀರಿಗೆ ಇಳಿಯುವ ತನಕ ಕುದಿಸಬೇಕು."

"ಎಲ್ಲ ಇಳಿದಿದೆಯಾ?"

"ಒಂದು ಚೂರೂ ಉಳಿದಿಲ್ಲ."

"ಹಾಗಾದರೆ ಅಮ್ಮ ಕಳಿಸಿದ್ದೆಲ್ಲ ಇದರಲ್ಲೇ ಇದೆ" ಎಂದು ಸಿಸ್ಟರ್ ಪಾತ್ರೆಯನ್ನೇ ನೋಡುತ್ತಾ ಕೂತರು. ಆಮೇಲೆ ಎದ್ದು ಹೋಗಿ ಮನೆಯಿಂದ ಮದ್ದು ಅಳೆಯುವ ಸಣ್ಣ ಗ್ಲಾಸು ತಂದರು.

ಒಂದು ಜಗ್ಗು ನೀರಿಗೆ ಆ ಗ್ಲಾಸಿನಲ್ಲಿ ಸ್ವಲ್ಪ ಸುರಿದು ರುಚಿ ನೋಡಿದರು. ಕಹಿ. ಇನ್ನೊಂದು ಜಗ್ಗು ನೀರು. ಇನ್ನೂ ಕಹಿ. ನನ್ನ ಕುಕ್ಕರು ತುಂಬಿತು, ಹಾಲಿನ ಪಾತ್ರೆ ತುಂಬಿತು, ಕೊನೆಗೆ ಮಗು ಮೀಯುವ ಹೊಸ ಬಕೆಟ್ ಒಂದಿತ್ತು, ಅದನ್ನೂ ತೊಳೆದು ತಂದೆ. ಊರಿನಿಂದ ತಂದಿದ್ದ ಬೆಲ್ಲದ ಅಚ್ಚು ಕೊಟ್ಟಾಗ ಸಿಸ್ಟರ್ ಮೂಸಿ ನೋಡಿ, ತಮ್ಮ ಊರಿನ ಸಕ್ಕರೆ ಹೀಗೆಯೇ ಇರುತ್ತಿತ್ತು ಎಂದರು. ಅಷ್ಟೆಲ್ಲ ಆದರೂ ಕಪ್ಪು ಕಷಾಯದ ಮುಕ್ಕಾಲು ಪಾಲು ಪಾತ್ರೆಯಲ್ಲಿ ಹಾಗೇ ಉಳಿದಿತ್ತು.

ಇದನ್ನೇನು ಮಾಡುವುದೆಂದು ಸಿಸ್ಟರಿಗೆ ತೋಚಲಿಲ್ಲ. ನನಗೆ ಪುನರ್ಪುಳಿ ನೆನಪಾಯಿತು. ಬೇಸಗೆಯಲ್ಲಿ ಹಣ್ಣಿನ ರಸಕ್ಕೆ ಸಕ್ಕರೆ ಪಾಕ ಸೇರಿಸಿ ಬಾಟಲಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಬೇಕಾದಾಗ ನೀರಿಗೆ ಒಂದು ಚಮಚ. ಉಳಿದ ಬೆಲ್ಲವನ್ನು ಗಟ್ಟಿ ಪಾಕ ಮಾಡಿ ಕಷಾಯಕ್ಕೆ ಬೆರೆಸಿ, ತಣಿಸಿ, ಬಾಟಲಿಗೆ ತುಂಬಿ ಸಿಸ್ಟರರ ಫ್ರಿಜ್ಜಿನಲ್ಲಿಟ್ಟೆ.

ಸಂಜೆ ಅವರ ಗೆಳತಿಯರು ಬಂದರು. ಸಿಸ್ಟರ್ ಜಗ್ಗನ್ನು ತಲೆಗಿಂತ ಮೇಲೆ ಎತ್ತಿ, ಕೆಳಗೆ ಹಿಡಿದ ಲೋಟಕ್ಕೆ ಒಂದು ಹನಿ ಚೆಲ್ಲದೆ ಸುರಿದರು. ಬಿಳಿ ನೊರೆ ಎದ್ದಿತು. ಮೊದಲ ಲೋಟವನ್ನು ಹೊರಗೆ ಒಯ್ದು, ಮೆಟ್ಟಿಲ ಬುಡದ ಮಣ್ಣಿಗೆ ಸ್ವಲ್ಪ ಚೆಲ್ಲಿ, ಅಮ್ಮನಿಗೆ ಎಂದರು. ಆಮೇಲೆ ನಮಗೆ ಕೊಟ್ಟರು. ಮೊದಲು ಸಿಹಿ, ಮತ್ತೆ ಚಕ್ಕೆಯ ಪರಿಮಳ, ನುಂಗಿದ ಮೇಲೆ ಹಿಂದಿನಿಂದ ಕಹಿ ಬರುತ್ತಿತ್ತು. ಎರಡನೇ ಲೋಟ ನಾನೇ ಕೇಳಿ ತೆಗೆದುಕೊಂಡೆ. ಗೆಳತಿಯರು ಮೇಜು ತಟ್ಟಿ ಹಾಡಿದರು, ಮಗು ಬಕೆಟ್ ಹಿಡಿದು ನಿಂತು ಕುಣಿದಳು. ಅಭಾದಲ್ಲಿ ನಾನು ಹೊಟ್ಟೆ ತುಂಬ ನಕ್ಕ ಮೊದಲ ಸಂಜೆ ಅದು.

ಅಲ್ಲಿಂದ ಮುಂದೆ ಶುಕ್ರವಾರಗಳಂದು ಎದುರು ಮನೆಯ ಬಾಗಿಲು ತೆರೆದಿರುತ್ತಿತ್ತು. ಸಿಸ್ಟರ್ ಬಾಟಲಿಯಿಂದ ಒಂದು ಚಮಚ ತೆಗೆದು ಮಾಬಿ ಮಾಡುವರು, ನಾನು ಚಟ್ಟಂಬಡೆ ಕರಿದು ಒಯ್ಯುವೆ. ವಾರ್ಡಿನಲ್ಲಿ ಹುಟ್ಟಿದ ಮಗುವೊಂದು ಉಳಿಯದ ದಿನ ಮಾತ್ರ ಅವರು ಬಾಗಿಲು ಹಾಕಿಕೊಂಡು ಒಬ್ಬರೇ ಕುಡಿಯುತ್ತಿದ್ದರು. ಬಾಟಲಿ ಚಳಿಗಾಲ ದಾಟಿತು, ಬೇಸಗೆಯನ್ನೂ ದಾಟಿತು.

ಆ ವರ್ಷದ ಕೊನೆಗೆ ಇವರಿಗೆ ರಿಯಾದಿನಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಮಲಾಜ್ ಬಡಾವಣೆಯಲ್ಲಿ ಮನೆ ನೋಡಿ ಆಯಿತು. ಹೊರಡುವ ಹಿಂದಿನ ದಿನ ಸಿಸ್ಟರ್ ನಮ್ಮನ್ನು ಕರೆದರು. ಬಾಟಲಿಯ ತಳದಲ್ಲಿ ಉಳಿದದ್ದು ಮೂರು ಲೋಟಕ್ಕೆ ಸಾಕಾಗುವಷ್ಟು. ನಾನು, ಅದು ನಿಮಗೇ ಇರಲಿ ಎಂದೆ. ಅವರು ಕೇಳಲಿಲ್ಲ. ಮೊದಲ ಲೋಟವನ್ನು ಇವರ ಕೈಗಿತ್ತರು.

"ನಾನೇ ಮಾಡಿದ್ದರೆ ನಮ್ಮಮ್ಮ ಅವತ್ತೇ ಸಂಜೆ ಮುಗಿದುಹೋಗುತ್ತಿದ್ದಳು" ಎಂದರು. "ನೀನು ಒಂದು ವರ್ಷ ಇಟ್ಟುಕೊಟ್ಟೆ."

ಎಲ್ಲದಕ್ಕೂ ಮಾತು ತಯಾರಿಟ್ಟುಕೊಳ್ಳುವ ನನ್ನ ಗಂಡ ತಲೆ ತಗ್ಗಿಸಿ ಲೋಟ ಬರಿದು ಮಾಡಿದರು. ನಾನೂ ಕುಡಿದೆ. ಸಿಸ್ಟರ್ ತಮ್ಮ ಲೋಟವನ್ನು ಮುಗಿಸಿ, ಖಾಲಿ ಬಾಟಲಿಗೆ ಒಂದಿಷ್ಟು ನೀರು ಹಾಕಿ, ಮುಚ್ಚಳ ತಿರುಗಿಸಿ ಚೆನ್ನಾಗಿ ಕುಲುಕಿ, ಆ ನೀರನ್ನೂ ಕುಡಿದರು.