ಶಕ್ತಿ ಗುಳಿಗೆಯ ಡಬ್ಬಿ

ನಮ್ಮ ಹಾನಗಲ್ಲ ಸೀಮೆಯಲ್ಲಿ ಯಾರಿಗೂ ತಲೆಯ ಕಾಯಿಲೆ ಇಲ್ಲ. ನಾನು ನರ್ಸಾಗಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರಿಗೆಲ್ಲ ಒಂದೋ ಪಿತ್ತ ಏರಿರುತ್ತದೆ, ಇಲ್ಲವೇ ದೃಷ್ಟಿ ತಾಗಿರುತ್ತದೆ. ಮನಸ್ಸಿನ ಗುಳಿಗೆ ಹೆಚ್ಚಾಗಿ ಎಚ್ಚರ ತಪ್ಪಿದವರನ್ನು ಮಲಗಿಸಿಕೊಂಡಾಗಲೂ ಮನೆಯವರು "ಉಂಡಿದ್ದು ಪಚನ ಆಗಿಲ್ರಿ" ಎನ್ನುತ್ತಾರೆ. ಇಂಥ ಮರ್ಯಾದಸ್ಥರ ನಡುವೆ ಕೆಲಸ ಮಾಡಿ ಮಾಡಿ ಈಗ ನನಗೇ ಪಿತ್ತ ಏರಿದೆ.

ಒಂದು ಮಧ್ಯಾಹ್ನ ಅಕ್ಕಿಆಲೂರಿನ ಕಡೆಯಿಂದ ಟಂಟಂ ಗಾಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ತಂದರು. ಜೊತೆಗೆ ಮಗ, ಸೊಸೆ. ಮದುವೆಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯುತ್ತಿದ್ದಾಗ ಈಕೆ ಹಿಟ್ಟಿನ ಕೈಯಲ್ಲೇ ಒರಗಿಬಿಟ್ಟಳಂತೆ. ಅಲ್ಲಿದ್ದವರು ಮೊದಲು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಎಲ್ಲರೂ ಮನಸಾರೆ ಕೆಮ್ಮಿ, ಆಮೇಲೆ ಗಾಡಿ ಕರೆದಿದ್ದರು.

ಕೂಗಿದರೆ ಉತ್ತರವಿಲ್ಲ, ಉಸಿರು ನಿಧಾನ. ಡಾಕ್ಟರು "ಏನರೆ ಗುಳಿಗಿ ತಗೊಂಡಾರೇನು?" ಎಂದು ಕೇಳಿದರು.

"ಛೇ ಛೇ, ನಮ್ಮವ್ವ ಗಟ್ಟಿ ಜೀವ ರಿ" ಎಂದ ಮಗ. "ರೊಟ್ಟಿ ಬಡ್ಯಾಕ ಕಸುವು ಬೇಕಂತ ನನ್ನ ಹೇಣ್ತಿ ಡಬ್ಬಿನ್ಯಾಗಿನ ಶಕ್ತಿ ಗುಳಿಗಿ ಒಂದಿಷ್ಟು ತಿಂದಾಳ, ಅಷ್ಟ."

"ಶಕ್ತಿ ಗುಳಿಗಿ ತಿಂದು ಯಾರರೆ ಹಿಂಗ ಮಲಗ್ತಾರೇನ್ರಿ?" ನಾನು ರೇಗಿದೆ. "ಖರೇ ಹೇಳ್ರಿ, ಹೊತ್ತಿಲ್ಲ. ತಲಿ ಗುಳಿಗಿ ಇದ್ದಾವೇನು ಮನ್ಯಾಗ?"

"ನಮ್ಮ ಮನಿತನದಾಗ ಅಂಥಾವ ಯಾರೂ ನುಂಗಂಗಿಲ್ಲ. ಹಂಗೇನರೆ ಗೊತ್ತಾದ್ರ ನಮ್ಮವ್ವ ಅಂಥಾಕಿನ್ನ ಅವತ್ತ ತವರಿಗೆ ಕಳಸ್ತಾಳ!"

ಬಾಗಿಲಲ್ಲಿದ್ದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಡಬ್ಬಿಯ ಗುಟ್ಟು ಹೊಳೆಯಿತು. ಗುಳಿಗೆಗಳನ್ನು ಪಾಕೀಟಿನಿಂದ ಬಿಡಿಸಿ ಶಕ್ತಿ ಡಬ್ಬಿಗೆ ತುಂಬಿ, ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಈಗ ಈ ಹುಡುಗಿ ಬಾಯಿಬಿಟ್ಟರೆ ಸಂಸಾರ ಹೋದೀತು, ಬಿಡದಿದ್ದರೆ ಅತ್ತೆ.

ಆಕೆ ಏನು ಮಾಡಲೆಂದು ನನ್ನನ್ನು ಕೇಳಲಿಲ್ಲ, ಗಂಡನನ್ನೂ ನೋಡಲಿಲ್ಲ. "ಅವು ನನ್ನ ತಲಿ ಗುಳಿಗಿ ರಿ, ಅಕ್ಕಾರ. ನಮ್ಮವ್ವ ಆ ಡಬ್ಬಿನ್ಯಾಗ ಹಾಕಿ ಕೊಡ್ತಾಳ" ಎಂದು ಗುಳಿಗೆಯ ಹೆಸರನ್ನೂ ಹೇಳಿದಳು. ಗಂಡ ಹೆಂಡತಿಯನ್ನು ಅವತ್ತೇ ಮೊದಲು ನೋಡಿದವನ ಹಾಗೆ ನಿಂತ. ಡಾಕ್ಟರಿಗೆ ದಾರಿ ಸಿಕ್ಕಿತು.

ಮರುದಿನ ಅತ್ತೆ ಕಣ್ಣುಬಿಟ್ಟು ಚಹಾ ಕೇಳುವಷ್ಟಾದಳು. ಮಗ ತಡೆಯಲಾರದೆ ಎಲ್ಲವನ್ನೂ ತಾಯಿಯ ಕಿವಿಗೆ ಹಾಕಿದ. ಸವಣೂರಿನಿಂದ ಬಂದಿದ್ದ ಬೀಗತಿ ಮಗಳನ್ನು ಕರೆದೊಯ್ಯಲು ಖಾಲಿ ಚೀಲ ಹಿಡಿದೇ ಕೂತಿದ್ದಳು. ಬಾಳೆಹಣ್ಣು ಹಿಡಿದು ಮಾತಾಡಿಸಲು ಬಂದ ಓಣಿಯವರಿಗೆಲ್ಲ ಅತ್ತೆ "ಪಿತ್ತ ಆಗಿತ್ತವಾ, ಪಿತ್ತ" ಎಂದು ಹೇಳಿ ಸಾಗಹಾಕಿದಳು. ಆಮೇಲೆ ಸೊಸೆಯನ್ನು ಹತ್ತಿರ ಕರೆದಳು. ನಾನು ಸಲಾಯಿನ್ ಬಾಟಲಿ ಬದಲಿಸುವ ನೆಪದಲ್ಲಿ ಅಲ್ಲೇ ನಿಂತೆ.

"ಎಲ್ಲಾ ಶಕ್ತಿ ನೀ ಒಬ್ಬಾಕೆ ತಿಂತಿ ಅಂತ ಹೊಟ್ಟಿ ಉರಕೊಂಡಿದ್ನೆಲ್ಲ, ಛಲೋ ಆತು ನನಗ" ಎಂದಳು. "ಇನ್ನ ಆ ಡಬ್ಬಿ ಬ್ಯಾಡ. ಗುಳಿಗಿ ಅದರ ಪಾಕೀಟಿನ್ಯಾಗ ಇರಲಿ, ಹೊತ್ತಿಗೆ ಸರಿಯಾಗಿ ತಗೋ. ಯಾರರೆ ಕೇಳಿದ್ರ 'ನಮ್ಮತ್ತಿವು' ಅನ್ನು. ಅದಕ್ಕ ಈ ವಯಸ್ಸಿನ್ಯಾಗ ನನ್ನನ್ನ ತವರಿಗೆ ಕಳಸ್ತೇವಂದ್ರೂ ಅಲ್ಲಿ ಬಾಗಲಾ ತಗ್ಯಾಕ ಯಾರದಾರ?"