ಅಂಟದ ಪಟ್ಟಿ

ಕಾರ್ತಿಕ ಸೋಮವಾರ, ಬೆಳಿಗ್ಗೆ ಆರು ಗಂಟೆ, ಪಾಳ್ಯದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ಹೆಂಡತಿ ಗಿರಿಜೆ. ಮೂವತ್ತೈದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ಹಾಜರಿ ತೆಗೆಯದೆ ಏನನ್ನೂ ಶುರುಮಾಡಲಾರ, ಮನ್ನಿಸಿ.

ನನಗೆ ಹೃದಯದ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಒಳಗಿನ ಕೆಲಸ ಚೊಕ್ಕ. ತಂಟೆಯೆಲ್ಲ ಹೊರಗಿನ ಹೊಲಿಗೆಯದು. ಎದೆಯ ನಡುವಿನ ಗೇಣುದ್ದದ ಗಾಯ ಮಾಗಿತು. ಮಾಗಿದ್ದು ಸಾಲದೆಂಬಂತೆ ಗದ್ದೆಯ ಬದುವಿನ ಹಾಗೆ ಉಬ್ಬಿಕೊಂಡಿತು. ಕೆಂಪಗೆ, ಗಟ್ಟಿಯಾಗಿ, ಸದಾ ತುರಿಸುತ್ತ. 'ನಿಲ್' ಎಂದದ್ದು ಕೇಳಿಸದೆ ಹೆಜ್ಜೆ ಹಾಕುತ್ತಲೇ ಹೋಗುವವರನ್ನು ಡ್ರಿಲ್ಲಿನಲ್ಲಿ ಬಹಳ ಕಂಡಿದ್ದೇನೆ. ನನ್ನ ಚರ್ಮವೂ ಅದೇ ಪೈಕಿ. ದುರಸ್ತಿ ಮುಗಿದಿದೆಯೆಂದು ಅದಕ್ಕೆ ಯಾರೂ ತಿಳಿಸಿಲ್ಲ.

ಹಾಸನದ ಡಾಕ್ಟರು ಮೆತ್ತನೆಯ ಸಿಲಿಕೋನ್ ಪಟ್ಟಿಯೊಂದನ್ನು ಬರೆದುಕೊಟ್ಟರು. ದಿನಕ್ಕೆ ಹನ್ನೆರಡು ಗಂಟೆ ಅಂಟಿಸಿಕೊಂಡಿರಬೇಕು, ಸಂಜೆ ತೊಳೆದು ಒಣಗಿಸಬೇಕು, ಮರುದಿನ ಅದನ್ನೇ ಹಾಕಬೇಕು. ಮೂರು ತಿಂಗಳಲ್ಲಿ ಉಬ್ಬು ಇಳಿಯದಿದ್ದರೆ ಗಾಯದೊಳಕ್ಕೇ ಇಂಜೆಕ್ಷನ್, ತಿಂಗಳಿಗೊಂದು. ಎದೆ ಸೀಳುವಾಗ ನನಗೆ ಎಚ್ಚರವಿರಲಿಲ್ಲ. ಈ ಸೂಜಿಗೆ ಎಚ್ಚರವಾಗಿಯೇ ಇರಬೇಕಂತೆ. ಶಾಲೆಯಲ್ಲಿ ಲಸಿಕೆಯ ದಿನ ಮಕ್ಕಳನ್ನು ನೆಟ್ಟಗೆ ಸಾಲು ನಿಲ್ಲಿಸಿ, ನಾನು ಮೈದಾನದ ಆ ತುದಿಗೆ ಹೋಗಿ ಸುಣ್ಣದ ಗೆರೆ ಪರೀಕ್ಷಿಸುತ್ತಿದ್ದೆ. ಕಾರಣವನ್ನು ಈಗ ಹೇಳಬಹುದು.

ಹಾಗಾಗಿ ಹೇಳಿದ್ದನ್ನೆಲ್ಲ ಪಾಲಿಸಿದೆ. ಕೊರಳಿನ ಲಿಂಗದ ಕರಡಿಗೆ ಗಾಯಕ್ಕೆ ಉಜ್ಜಬಾರದೆಂದರು. ಅಂದೇ ಶಿವದಾರವನ್ನು ಗಿಡ್ಡ ಮಾಡಿಕೊಂಡೆ. ಪಟ್ಟಿ ಮಾತ್ರ ನಿಲ್ಲಲೊಲ್ಲದು. ಬೆಳಿಗ್ಗೆ ಆರಕ್ಕೆ ಅಂಟಿಸಿದರೆ ಎಂಟಕ್ಕೆ ಒಂದು ಮೂಲೆ ಏಳುತ್ತಿತ್ತು, ಒಂಬತ್ತಕ್ಕೆ ಇಡೀ ಪಟ್ಟಿ ಪಂಚೆಯ ಗಂಟಿನಲ್ಲಿರುತ್ತಿತ್ತು. ಒಮ್ಮೆ ಆಲೂರಿನ ಬಸ್ಸಿನಲ್ಲಿ ಅಂಗಿಯೊಳಗಿಂದ ಜಾರಿ ಕಾಲ ಬಳಿ ಬಿತ್ತು. ಪಕ್ಕದವರು ಎತ್ತಿಕೊಟ್ಟರು, ಏನೆಂದು ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಎರಡು ತಿಂಗಳು ಹೀಗೇ ಕಳೆದ ಮೇಲೆ ಆಲೂರಿನ ಔಷಧಿ ಅಂಗಡಿಯ ಅನ್ವರನ ಬಳಿ ಹೋದೆ. ನನ್ನ ಹಳೆಯ ಶಿಷ್ಯ.

"ಪಟ್ಟಿ ಸರಿಯಿಲ್ಲ ಕಣಯ್ಯ."

"ಪಟ್ಟಿ ಸರ್ಯಾಗೇ ಐತೆ ಸಾರ್. ಮೈಗೆ ಎಣ್ಣೆ, ಪೌಡರು ಏನಾರ ಹಚ್ಕತೀರಾ?"

"ಪೌಡರಾ? ನಾನೇನು ನಾಟಕದವನೇನಯ್ಯ?"

"ಇಲ್ಲ ಬುಡಿ ಸಾರ್" ಎಂದು ಹೊಸದೊಂದನ್ನು ಕೊಟ್ಟ. ವಾದದಲ್ಲಿ ಗೆದ್ದವನಂತೆ ಮನೆಗೆ ಬಂದೆ. ಹೊಸದೂ ಬಿತ್ತು.

ಇವತ್ತು ಪೂಜೆ ಮುಗಿಸಿ ಅಂಟಿಸಿಕೊಂಡ ಕೂಡಲೇ ಪಟ್ಟಿ ನೆಲ ಸೇರಿತು. ಗಿರಿಜೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ರೀ, ಇಲ್ ಬನ್ನಿ. ಇದ್ರ ಮೈಮೇಲೆ ಮೂರು ಗೆರೆ ಐತಲ್ರೀ."

ಇತ್ತು. ಅಂಟಿನ ಮುಖದ ಮೇಲೆ ವಿಭೂತಿಯ ಮೂರು ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಸಂಜೆ ಕನ್ನಡಕವಿಲ್ಲದೆ ತೊಳೆಯುತ್ತಿದ್ದ ನನಗೆ ಅವು ಒಂದು ದಿನವೂ ಕಂಡಿರಲಿಲ್ಲ. ಸ್ನಾನ, ಹಣೆಗೆ ತೋಳಿಗೆ ಎದೆಗೆ ವಿಭೂತಿ, ಪೂಜೆ, ಆಮೇಲೆ ಮಿಕ್ಕಿದ್ದು: ಇದು ನನ್ನ ಅರವತ್ತು ವರ್ಷದ ಕ್ರಮ. ಕಾರ್ತಿಕ ಸೋಮವಾರವೆಂದು ಇವತ್ತು ವಿಭೂತಿ ಇನ್ನಷ್ಟು ದಪ್ಪ. ಪಟ್ಟಿ ಮೊನ್ನೆ ಮೊನ್ನೆ ಬಂದದ್ದು; ಸಾಲಿನ ಕೊನೆಯಲ್ಲಿ ನಿಂತಿತ್ತು. ವಿಭೂತಿಯೂ ಒಂದು ಪುಡಿ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಪಟ್ಟಿ ನಿಮ್ಗಿಂತ ದೊಡ್ಡ ಭಕ್ತ ಆಗ್ಬುಟ್ಟೈತೆ ಕಣ್ರೀ."

"ಹಂಗಾರೆ ಎದೆಗೆ ವಿಭೂತಿ ಬಿಡು ಅಂತೀಯಾ?"

"ಬಿಡಿ ಅಂದ್ನಾ? ಮೊದ್ಲು ಪಟ್ಟಿ, ಪಟ್ಟಿ ಮ್ಯಾಲೆ ವಿಭೂತಿ. ಊರ್ ಮಕ್ಳನ್ನೆಲ್ಲ ಸಾಲಾಗಿ ನಿಲ್ಸಿದೋರ್ಗೆ ಇಷ್ಟು ಹೊಳೀಲಿಲ್ವಾ?"

ಚರ್ಮ ಮುಟ್ಟದ ವಿಭೂತಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಸೂಜಿಯನ್ನು ಯೋಚಿಸಿದೆ. ಎದೆ ಒರೆಸಿ, ಪಟ್ಟಿ ತೊಳೆದು ಒಣಗಿಸಿ ಅಂಟಿಸಿ, ಅದರ ಮೇಲೆ ಮೂರು ಗೆರೆ ಎಳೆದುಕೊಂಡೆ. 'ನಿಲ್' ಎಂದದ್ದು ಕೇಳಿಸದೆ ನಡೆಯುವುದು ಈ ಮೈಯಲ್ಲಿ ಚರ್ಮವೊಂದೇ ಅಲ್ಲ, ಅಭ್ಯಾಸವೂ ಹೌದು ಎಂದು ಆಗ ತೋರಿತು.

ಸಂಜೆ ಆರೂವರೆಗೆ ತೆಗೆಯಹೋದರೆ ಪಟ್ಟಿ ಬರಲೊಲ್ಲದು. ಎಳೆದಾಗ ಎದೆಯ ಎರಡು ಕೂದಲನ್ನೂ ಕಿತ್ತುಕೊಂಡೇ ಬಂತು. ನೋವಾಯಿತು, ಎರಡು ತಿಂಗಳಿನಿಂದ ಕಾದಿದ್ದು ಆ ನೋವಿಗೇ. ಡಾಕ್ಟರು ನೋಡುವ ದಿನಕ್ಕೆ ಇನ್ನೊಂದು ತಿಂಗಳಿದೆ. ಕನ್ನಡಕ ಹಾಕಿಕೊಂಡು ಪಟ್ಟಿ ತೊಳೆದೆ, ಅಂಟಿನ ಮುಖ ಮೇಲೆ ಮಾಡಿ ತಟ್ಟೆಯಲ್ಲಿಟ್ಟೆ, ದೂಳು ಬೀಳದಂತೆ ಜರಡಿ ಮುಚ್ಚಿದೆ. ಇವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.