ಬೀಜದ ಗಡಿಗೆಯಲ್ಲಿದ್ದ ಬೆಳ್ಳಿ ಬಟ್ಟಲು

ನನ್ನ ಮೊಮ್ಮಗ ಸಮುವೇಲ, ನಮ್ಮ ಸಮ್ಯಾ, ಚರ್ಚಿನ ಬೆಳ್ಳಿ ಬಟ್ಟಲನ್ನು ಕದ್ದಿರಲಿಲ್ಲ. ಅದು ನನ್ನ ಹತ್ತಿರ ಇತ್ತು. ಈಗಲೂ ಇದೆ.

ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು, ಅಕ್ಷರ ಸೊಟ್ಟ ಬರುತ್ತವೆ. ಆದರೆ ತಡವಾದದ್ದು ಅಕ್ಷರದಿಂದಲ್ಲ.

ಬೆಟಗೇರಿಯ ನಮ್ಮ ಸಭೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ತಿಂದು ದ್ರಾಕ್ಷಾರಸ ಕುಡಿಯುವ ಕರ್ತನ ಭೋಜನದ ಬಟ್ಟಲು ಬೆಳಗುವ ಸೇವೆ ನನ್ನ ಅತ್ತೆಯದಾಗಿತ್ತು, ಅವರ ತರುವಾಯ ನನ್ನದು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಟ್ರಂಕಿನಲ್ಲಿಟ್ಟು, ರವಿವಾರ ಒಯ್ದು ಮೇಜಿನ ಮೇಲೆ ಇಡುವುದು. ಬಡವರ ಮನೆಗೆ ಅದೊಂದೇ ದೊಡ್ಡಸ್ತಿಕೆ. ಸಮ್ಯಾ ಸಣ್ಣವನಿದ್ದಾಗ ನನ್ನ ಮಗ್ಗುಲಲ್ಲಿ ಕುಳಿತು ತಾನೂ ತಿಕ್ಕುತ್ತಿದ್ದ. ತಾಯಿಯನ್ನು ನುಂಗಿಕೊಂಡ ಹುಡುಗ ಎಂದು ಊರು ಅನ್ನುತ್ತಿತ್ತು. ನಾನೂ ಸಿಟ್ಟಿನಲ್ಲಿ ಅಂದಿದ್ದೇನೆ.

ಗದಗ ಹೊಸದಾಗಿ ಜಿಲ್ಲೆಯಾದ ವರ್ಷಗಳಲ್ಲಿ ಅವನಿಗೆ ಮೀಸೆ ಬಂತು, ಮೀಸೆಯ ಜೊತೆ ಬರಬಾರದ್ದೆಲ್ಲ ಬಂತು. ಕುಡಿತ, ಇಸ್ಪೀಟು, ಹೊಡೆದಾಟ. ಚರ್ಚಿನ ಕಿಟಕಿಗೆ ಕಲ್ಲು ಬೀರಿದ. ಒಮ್ಮೆ ಜಗಳವಾಡಿ ಮಗ್ಗಲು ಮನೆಯ ದೇವೇಂದ್ರಪ್ಪನ ಮಗ್ಗದ ಮೇಲಿನ ಹಾಸನ್ನೇ ಕುಡಗೋಲಿನಿಂದ ಕೊಯ್ದು ಬಂದ. ಸೀರೆಗೆಂದು ಹೂಡಿದ ಎಳೆಗಳೆಲ್ಲ ಜೋತು ಬಿದ್ದಿದ್ದವು.

ಆ ವರ್ಷದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ — ಕಳಸಾಪುರದ ಕಡೆಗಿನ ನಮ್ಮ ತುಂಡು ಹೊಲದಲ್ಲಿ ಬೆಳೆದ ಜೋಳವನ್ನು ಬಿತ್ತನೆಗೆಂದು ಗಡಿಗೆಗೆ ತುಂಬುತ್ತಿದ್ದೆ. ಬೂದಿ, ಬೇವಿನೆಲೆ ಹಾಕಿ, ಬಾಯಿಗೆ ಸಗಣಿ ಮೆತ್ತಿದರೆ ಮುಂದೆ ಬಿತ್ತುವ ದಿನವೇ ಆ ಬಾಯಿ ಒಡೆಯುವುದು. ಸಮ್ಯಾ ಕುಡಿದು ಬಂದು ಮನೆಯೆಲ್ಲ ತಡಕಾಡತೊಡಗಿದ. ಮಾರಲು ಏನಾದರೂ ಬೇಕಾಗಿತ್ತು. ನಾನು ಟ್ರಂಕಿನಿಂದ ಬಟ್ಟಲು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಜೋಳದೊಳಗೆ ತುರುಕಿದೆ, ಬಾಯಿ ಮೆತ್ತಿದೆ. ಆ ಸಂಜೆಯೇ ನನಗೆ ಚಳಿಜ್ವರ ಹತ್ತಿತು. ಎದ್ದಾಗ ಭೋಜನದ ರವಿವಾರ ಬಂದುಬಿಟ್ಟಿತ್ತು. ಟ್ರಂಕು ತೆರೆದರೆ ಬಟ್ಟಲಿಲ್ಲ.

“ಸಮ್ಯಾ ಒಯ್ದ,” ಅಂದೆ.

ಎರಡೇ ಶಬ್ದ. ನನ್ನ ಮಗ, ಸಮ್ಯಾನ ಅಪ್ಪ ಯೋಹಾನ, ಬಾರುಕೋಲು ತೆಗೆದುಕೊಂಡ. ಸಮ್ಯಾ ಹೊಡೆಸಿಕೊಳ್ಳುತ್ತಲೇ ಕೂಗಿದ — “ನಾ ಒಯ್ದಿಲ್ಲಪಾ! ಒಯ್ಯಾಂವ ಇದ್ರ ಆ ಚರ್ಚಿನ ಗಂಟೀನ ಬಿಚ್ಚಿಕೊಂಡ ಹೋಗತಿದ್ನಿ, ಬಟ್ಟಲಾ ಯಾಕ ಒಯ್ಲಿ?” ಸಾಯಂಕಾಲದ ಬಸ್ಸಿಗೆ ಮುಂಡರಗಿಯ ಕಡೆ ಹೋದ. ಯಾರೂ ತಡೆಯಲಿಲ್ಲ.

ಇಲ್ಲಿಯವರೆಗಿನದು ಮರೆವು. ಜ್ವರ ಎನ್ನಿ, ಮುಪ್ಪು ಎನ್ನಿ — ಅದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಹಿಂಗಾರಿ ಬಿತ್ತನೆಗೆ ಗಡಿಗೆಯ ಬಾಯಿ ಒಡೆದೆ. ಜೋಳದೊಳಗೆ ಕೈಗೆ ತಣ್ಣಗೆ ತಾಗಿತು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಆಗ ನಾನು ಓಣಿಗೆಲ್ಲ ಕೇಳುವಂತೆ ಕೂಗಬೇಕಾಗಿತ್ತು. ಕೂಗಲಿಲ್ಲ. ಬೆಳಗುವ ಸೇವೆ ಕೈ ತಪ್ಪುತ್ತದೆ, ಜನ ನಗುತ್ತಾರೆ, ಯೋಹಾನ ನನ್ನ ಮುಖ ನೋಡುತ್ತಾನೆ — ಇಷ್ಟೇ ನನ್ನ ಲೆಕ್ಕ. ಬಿತ್ತಿ ಬಂದ ಮೇಲೆ ಅದನ್ನು ಮತ್ತೆ ಗಡಿಗೆಯ ತಳಕ್ಕೇ ಇಟ್ಟೆ. ಮುಂದಿನ ವರ್ಷವೂ. ಅದರ ಮುಂದಿನ ವರ್ಷವೂ. ಸಭೆಯವರು ಬೇರೆ ಬಟ್ಟಲು ತಂದರು. ಅದನ್ನೂ ನಾನೇ ಬೆಳಗಿದೆ.

ಸಮ್ಯಾ ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ಲಾರಿಯ ಮೇಲೆ ತಿರುಗುತ್ತಿದ್ದನಂತೆ. ಡೋಣಿಯ ಹತ್ತಿರ ಲಾರಿ ಉರುಳಿ ಕಾಲು ಮುರಿಯಿತು. ಪಂಕ್ಚರ್ ಅಂಗಡಿಯ ಮುದುಕನೊಬ್ಬ ಮನೆಗೆ ಎತ್ತಿಕೊಂಡು ಹೋಗಿ ಇಟ್ಟುಕೊಂಡ. ಕ್ರಿಸ್ತನನ್ನು ನಂಬಿದ ಗಂಡಹೆಂಡಿರು, ಸಂಜೆಗೆ ಬೈಬಲಿನ ವಾಕ್ಯ ಓದುತ್ತಿದ್ದರು.

“ಓಡಿ ಹೋಗಾಕ ಕಾಲ ಇರಲಿಲ್ಲ ಆಯಿ, ಅದಕ್ಕ ಕೇಳಿದ್ನಿ,” ಎಂದು ನಗುತ್ತಿದ್ದ, ಊರಿಗೆ ತಿರುಗಿ ಬಂದ ಮೇಲೆ. “ಯೇಸುನ ಬಾಜೂಕ ಶಿಲುಬಿ ಮ್ಯಾಲ ಕ್ಷಮಾ ಸಿಕ್ಕ ಕಳ್ಳನ ಕತಿ ಬಂತ ನೋಡು, ನನಗ ತಡಕೊಳ್ಳಾಕ ಆಗಲಿಲ್ಲ. ಇದು ನನ್ನ ಮಾತ ಅಂದ್ನಿ.”

ಹುಟ್ಟಿದಾಗಿನಿಂದ ಚರ್ಚಿನ ಬೆಂಚಿನ ಮೇಲೆ ಕೂಡಿಸಿದ್ದೆವು. ಅಲ್ಲಿ ಸಿಗದ ಕರ್ತನು ಅವನಿಗೆ ಪರರ ಮನೆಯಲ್ಲಿ ಕಾಲು ಮುರಿದು ಮಲಗಿದ್ದಾಗ ಸಿಕ್ಕಿದ್ದ. ಕುಂಟುತ್ತ ಮನೆಮನೆಗೆ ಹೋಗಿ ಕ್ಷಮೆ ಕೇಳಿದ. ಕಿಟಕಿಗೆ ತಾನೇ ಗಾಜು ಕೂಡಿಸಿದ. ದೇವೇಂದ್ರಪ್ಪನ ಮಗ್ಗದ ಮುಂದೆ ಕುಳಿತು ಹೊಸ ಹಾಸಿನಲ್ಲಿ ಹರಿದ ಎಳೆ ಗಂಟು ಹಾಕಿಕೊಟ್ಟ. “ಕೊಯ್ಯಾಂವನ ಕೈಗೆ ಗಂಟ ಹಾಕೂದು ಬಂತಲ್ಲೋ!” ಎಂದು ದೇವೇಂದ್ರಪ್ಪ ಚೇಷ್ಟೆ ಮಾಡಿ ಚಹಾ ಕುಡಿಸಿ ಕಳಿಸಿದ.

ಬೇಸಿಗೆಯಲ್ಲಿ ಒಂದು ದಿನ ನಾನು ಸಂತೆಯಿಂದ ಬಂದರೆ ಸಮ್ಯಾ ಅಂಗಳದಲ್ಲಿ ಕೈಗೆ ಸಗಣಿ ಮಾಡಿಕೊಂಡು ನಿಂತಿದ್ದ. “ಕಾಳಿಗೆ ನುಸಿ ಹತ್ತಿದ್ವು. ಬಿಸಲಿಗೆ ಹಾಕಿ ಮತ್ತ ತುಂಬೀನಿ.” ಅವನ ಮುಖ ನೋಡಿದೆ — ಏನೂ ಇರಲಿಲ್ಲ. ಬೀಜದ ಗಡಿಗೆಯ ಬಾಯಿ ಹಸಿ ಇತ್ತೋ, ಒಣಗಿತ್ತೋ — ಮುಟ್ಟಿ ನೋಡಲಿಲ್ಲ.

ನಮ್ಮಲ್ಲಿ ದಾರಿ ತಪ್ಪಿ ಬಂದವನು ಸಭೆಯ ಮುಂದೆ ತನ್ನ ತಪ್ಪನ್ನೆಲ್ಲ ಒಪ್ಪಿ ಸಾಕ್ಷಿ ಹೇಳಬೇಕು, ಆಮೇಲೆ ಭೋಜನಕ್ಕೆ ಸೇರಿಸಿಕೊಳ್ಳುತ್ತಾರೆ. ಆ ರವಿವಾರ ಸಮ್ಯಾ ಎಲ್ಲ ಹೇಳಿದ — ಕೇಳುವವರಿಗೇ ನಾಚಿಕೆಯಾಗುವಂಥದ್ದನ್ನೂ. ಹಿರಿಯರೊಬ್ಬರು ಎದ್ದರು. “ಬಟ್ಟಲದ ಮಾತ ಬರಲಿಲ್ಲಲ್ಲೋ ತಮ್ಮಾ?”

“ಅದನ್ನ ನಾ ತಗೊಂಡಿಲ್ರಿ, ಅಜ್ಜಾರ.”

“ಮತ್ತ ಯಾರ ತಗೊಂಡ್ರು?”

ಅವನು ಸುಮ್ಮನೆ ನಿಂತ. ಜನ ಗುಜುಗುಜು ಅಂದರು. ಒಂದನ್ನು ಮುಚ್ಚಿಟ್ಟವನ ಪಶ್ಚಾತ್ತಾಪ ಪಶ್ಚಾತ್ತಾಪವಲ್ಲ ಎಂದು ತೀರ್ಮಾನವಾಯಿತು. ನಾನು ಹೆಂಗಸರ ಸಾಲಿನಲ್ಲಿ, ಸೆರಗು ಹೊದ್ದು, ಎಲ್ಲರಂತೆ ಕುಳಿತಿದ್ದೆ.

ಮನೆಗೆ ಬಂದು ನಾನು ಅವನಿಗೆ ಹೇಳಿದ್ದು — ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ — “ಹೂಂ ಅಂದ ಬಿಡಲೇ. ಇಷ್ಟ ಮಾಡೀದಿ, ಇದೊಂದ ಹೆಚ್ಚಾಗತೈತೇನ?”

“ಮೊದಲಿನ ಸಮ್ಯಾ ಆಗಿದ್ರ ಅಂತಿದ್ನಿ ಆಯಿ,” ಎಂದ. “ಈಗ ಸುಳ್ಳ ಹೇಳಿ ಕರ್ತನ ಮೇಜಿಗೆ ಹೆಂಗ ಹೋಗ್ಲಿ? ಇರಲಿ. ನಾ ಕಾಯ್ತೀನಿ.”

ಏನನ್ನು ಕಾಯುತ್ತಾನೆಂದು ನಾನು ಕೇಳಲಿಲ್ಲ.

ಮುಂಡರಗಿಯ ಗ್ಯಾರೇಜಿನಲ್ಲಿ ಕೆಲಸ ಹಿಡಿದ. ಭೋಜನದ ರವಿವಾರ ತಪ್ಪದೆ ಬರುತ್ತಿದ್ದ, ಕಡೆಯ ಬೆಂಚಿನಲ್ಲಿ ಕೂಡುತ್ತಿದ್ದ. ಎಲ್ಲರೂ ಎದ್ದು ಮುಂದೆ ಹೋದಾಗ ಆ ಬೆಂಚಿನಲ್ಲಿ ಅವನೊಬ್ಬನೇ ಉಳಿಯುತ್ತಿದ್ದ. ನಾನು ಹೋಗುತ್ತಿದ್ದೆ. ರೊಟ್ಟಿ ತಿನ್ನುತ್ತಿದ್ದೆ, ಕುಡಿಯುತ್ತಿದ್ದೆ, ಬಾಯಿ ಒರೆಸಿಕೊಂಡು ಅವನ ಮುಂದೆಯೇ ತಿರುಗಿ ಬರುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿಯೇ ಅವನಿಗೆ ಕಾಮಾಲೆ ಬಂತು. ಹಳೆಯ ಕುಡಿತ ಒಳಗೆಲ್ಲ ತಿಂದಿತ್ತೆಂದು ಡಾಕ್ಟರು ಹೇಳಿದರು. ಯೋಹಾನ ದವಾಖಾನೆಯ ಬಾಗಿಲತನಕ ಬಂದ, ಒಳಗೆ ಬರಲಿಲ್ಲ. “ಕಡೀಗೂ ಖರೆ ಹೇಳಲಿಲ್ಲಂವಾ,” ಎಂದ. ಸಮ್ಯಾ ಅದನ್ನು ಕೇಳಿಸಿಕೊಂಡ. ನನ್ನ ಕೈ ಹಿಡಿದಿದ್ದ. ಹಿಡಿದೇ ಇದ್ದ. ಆಗಲೂ ನಾನು —

ಅವನನ್ನು ಮಣ್ಣು ಮಾಡಿದ ಮೇಲೆ ಬಿತ್ತನೆ ಬಂತು. ಗಡಿಗೆ ಒಡೆದೆ. ವರ್ಷಗಟ್ಟಲೆ ಜೋಳದಲ್ಲಿ ಬಿದ್ದು ಕಪ್ಪಿಟ್ಟಿದ್ದ ಬಟ್ಟಲು ಥಳಥಳ ಹೊಳೆಯುತ್ತಿತ್ತು. ಅಂಚಿನ ಸಂದಿಯಲ್ಲಿ ಸ್ವಲ್ಪ ಬೂದಿ ಉಳಿದಿತ್ತು. ಸಣ್ಣವನಿದ್ದಾಗಲೂ ಹಾಗೆಯೇ — ಅಂಚು ಸರಿಯಾಗಿ ತೊಳೆಯುತ್ತಿರಲಿಲ್ಲ, ನಾನು ಬಯ್ಯುತ್ತಿದ್ದೆ.

ಅವನಿಗೆ ಗೊತ್ತಿತ್ತು. ಸಭೆಯ ಮುಂದೆ ನಿಂತಾಗಲೂ ಗೊತ್ತಿತ್ತು. ಬೆಳಗಿ, ಇದ್ದಲ್ಲಿಯೇ ಇಟ್ಟು, ನನಗಾಗಿ ಕಾಯ್ದ.

ಅದಾದ ಮೇಲೂ ನಾನು ಸುಮ್ಮನಿದ್ದೆ. ಅದನ್ನೂ ಬರೆಯುತ್ತೇನೆ.

ಬರುವ ರವಿವಾರ ಭೋಜನವಿದೆ. ಯೋಹಾನ ಮುಂದಿನ ಸಾಲಿನಲ್ಲಿರುತ್ತಾನೆ. ನಾನು ಎದ್ದು ನಿಲ್ಲುತ್ತೇನೆ, ಇದನ್ನೇ ಹೇಳುತ್ತೇನೆ, ಆಮೇಲೆ ಹೋಗಿ ಆ ಕಡೆಯ ಬೆಂಚಿನಲ್ಲಿ ಕೂಡುತ್ತೇನೆ. ಬಟ್ಟಲನ್ನು ಒಯ್ಯುತ್ತೇನೆ. ಅವನು ಬೆಳಗಿಟ್ಟದ್ದು ಮತ್ತೆ ಕಪ್ಪಾಗಿದೆ. ತಿಕ್ಕುವುದಿಲ್ಲ. ಹಾಗೆಯೇ ಒಯ್ಯುತ್ತೇನೆ.